ಮಾದಪ್ಪ ಎತ್ತು ಬಿಚ್ಚಿಕೊಂಡು ಹೋದದ್ದು ಯಾಕೆ: ಆಟದಲ್ಲಿ ಜೊತೆಗಾರರನ್ನು ನಡೆಸುವ ಬಗೆ

ಜೊತೆಗಾರನಿಗೆ ಮೊದಲು ಅವನದೇ ಒಂದು ಕೆಲಸ ಕೊಡಿ. ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಿಂದು ನಿಲ್ಲುತ್ತಾನೆ), ಆರ್ಮರ್ ಕ್ಲಾಸ್ (ಅವನಿಗೆ ಪೆಟ್ಟು ತಾಗಿಸೋದು ಎಷ್ಟು ಕಷ್ಟ), ಕತ್ತಿ ಎಲ್ಲ ಆಮೇಲೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಗಲಿ, ಮೇಜಿನ ಸುತ್ತ ಕೂತು, ಒಂದೊಂದು ಪಾತ್ರವಾಗಿ ಮಾತಾಡುತ್ತಾ, ಡೈಸ್ ಹಾಕಿ ಆಡುವ ಬೇರೆ ಯಾವುದೇ ಟೇಬಲ್‌ಟಾಪ್ ಆಟವಾಗಲಿ, ಪಾರ್ಟಿಯ (ಆಟಗಾರರ ಪಾತ್ರಗಳ ತಂಡದ) ಹಿಂದೆ ಬರುವ ಎನ್‌ಪಿಸಿ (ಯಾವ ಆಟಗಾರನದ್ದೂ ಅಲ್ಲದ ಪಾತ್ರ) ಹಾಳಾಗೋದು ಎರಡೇ ರೀತಿ. ಆಟಗಾರರ ಕೈಗೆ ಸಿಕ್ಕಿದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಆಳಾಗುತ್ತಾನೆ. ಕಥೆ ಹೇಳಿ ಆಟ ನಡೆಸುವ ಡಿಎಂ ಕೈಗೆ ಸಿಕ್ಕಿದರೆ ಎಲ್ಲ ಗೊತ್ತಿರುವ, ಎಲ್ಲರಿಗಿಂತ ಜೋರಾಗಿ ಹೊಡೆಯುವ ಹೀರೋ ಆಗುತ್ತಾನೆ. ಅವನಿಗೆ ತನ್ನದೇ ಕೆಲಸವೊಂದು ಇದ್ದರೆ ಎರಡೂ ತಪ್ಪುತ್ತದೆ.

ನಾನು ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಭಾನುವಾರ ಮಧ್ಯಾಹ್ನ ಆಟ ನಡೆಸುತ್ತೇನೆ. ಉಳಿದ ದಿನ ಹೈಸ್ಕೂಲಿನಲ್ಲಿ ಗಣಿತದ ಪಾಠ. ಆಡುವವರು ಮೂವರು: ಫೈಟರ್ (ಯೋಧ) ಆಡುವ ನನ್ನ ಸೋದರಮಾವನ ಮಗ, ರೇಂಜರ್ (ಕಾಡು ಬಲ್ಲ ಬೇಟೆಗಾರ್ತಿ) ಆಡುವ ನಮ್ಮ ಸ್ಕೂಲಿನ ಸಮಾಜ ವಿಜ್ಞಾನದ ಟೀಚರ್, ವಿಝಾರ್ಡ್ (ಮಂತ್ರವಾದಿ) ಆಡುವ ಪಕ್ಕದ ಮನೆ ಕಾಲೇಜು ಹುಡುಗ. ಆಟದ ಪಾಳೆಯಪಟ್ಟು ನಾನೇ ಕಟ್ಟಿದ್ದು. ಆದರೆ ನೆಲ ಮಾತ್ರ ಶ್ರೀರಂಗಪಟ್ಟಣದಿಂದ ಮೇಲುಕೋಟೆ ತನಕದ್ದೇ. ಕುಂತಿಬೆಟ್ಟದ ಬಂಡೆಗಳ ನಡುವೆ ಗಾಬ್ಲಿನ್ ಅನ್ನುವ ಕುಳ್ಳ ಪಿಶಾಚಿಗಳಿವೆ, ಅಷ್ಟೇ ವ್ಯತ್ಯಾಸ. ನಾನು ಪಾಂಡವಪುರದ ಕಡೆಯವಳು, ಬೇರೆ ಕಾಡುಮೇಡು ಹುಡುಕಿಕೊಂಡು ನಾನ್ಯಾಕೆ ಹೋಗಲಿ?

ನಮ್ಮ ಪಾರ್ಟಿಯ ಜೊತೆಗಾರ ಗಾಡಿ ಮಾದಪ್ಪ. ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಗಾಡಿ, ಬಾಯಿ ತುಂಬ ಎಲೆ ಅಡಿಕೆ. ಅವನ ಕ್ಯಾರೆಕ್ಟರ್ ಶೀಟ್ ಒಂದು ಚೀಟಿ, ಅದರಲ್ಲಿ ಮೂರು ಸಾಲು. ಏನು ಬೇಕು: ಮೇಲುಕೋಟೆಯಲ್ಲಿರುವ ಮಗಳ ಮನೆಗೆ ವರ್ಷದ ಅಚ್ಚು ಬೆಲ್ಲ ತಲುಪಿಸಬೇಕು. ಏನು ಮಾಡುವುದಿಲ್ಲ: ಎತ್ತುಗಳನ್ನು ಅಪಾಯಕ್ಕೆ ಬಿಡುವುದಿಲ್ಲ. ಯಾರನ್ನು ಹೇಗೆ ಕರೆಯುತ್ತಾನೆ: ಮೊದಲಿಗೆ ಎಲ್ಲರನ್ನೂ ‘ಸ್ವಾಮಿ’.

ಮೊದಲ ಸಾಲು ಬರೆಯುವಾಗ ಒಂದು ಲೆಕ್ಕ ನೋಡಿಕೊಳ್ಳಿ. ಅವನ ದಾರಿ ಪಾರ್ಟಿಯ ದಾರಿಯ ಜೊತೆ ಸ್ವಲ್ಪ ದೂರ ಹೋಗಬೇಕು. ಎಲ್ಲೋ ಒಂದು ಕಡೆ ಕವಲೊಡೆಯಲೂಬೇಕು. ಪೂರ್ತಿ ಒಂದೇ ಆದರೆ ಅವನ ಮಾತಿಗೆ ಬೆಲೆ ಇರುವುದಿಲ್ಲ, ಪೂರ್ತಿ ಬೇರೆಯಾದರೆ ಅವನು ಯಾಕೆ ಜೊತೆಗಿದ್ದಾನೆ ಅಂತ ಪ್ರತಿ ಸೆಷನ್‌ನಲ್ಲೂ ನೆಪ ಹುಡುಕಬೇಕು. ‘ಪ್ರಪಂಚ ಉಳಿಸಬೇಕು’ ಅನ್ನುವಂಥ ದೊಡ್ಡ ಆಸೆ ಬೇಡ. ಅದು ಪಾರ್ಟಿಯ ಕೆಲಸ. ಬೆಲ್ಲ, ಸಾಲ, ಕಳೆದುಹೋದ ಕುರಿ, ಮಗಳ ಬಾಣಂತನ ಇಂಥದ್ದು ಸಾಕು. ಆಟಗಾರರಿಗೆ ಇದು ಬೇಗ ನೆನಪಾಗುತ್ತದೆ, ಸಹಾಯ ಮಾಡೋಕೂ ಕೈಗೆಟುಕುತ್ತದೆ.

ಸಂಬಂಧ ಶುರುವಾಗೋದು ಕೂಲಿಯಿಂದ. ನಾಚಿಕೆ ಬೇಡ, ಮೊದಲ ದಿನವೇ ಕೂಲಿ ಮಾತಾಡಿಸಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ಐದನೇ ಆವೃತ್ತಿಯಲ್ಲಿ ಕಸುಬು ಗೊತ್ತಿಲ್ಲದ ಆಳಿಗೆ ದಿನಕ್ಕೆ 2 ಬೆಳ್ಳಿ, ಕಸುಬು ಗೊತ್ತಿದ್ದವನಿಗೆ 2 ಚಿನ್ನದ ನಾಣ್ಯ. ಗಾಡಿ ಹೊಡೆಯೋದು ಕಸುಬೋ ಅಲ್ಲವೋ ಅಂತ ನನ್ನ ಮಾವನ ಮಗ ಮಾದಪ್ಪನ ಜೊತೆ ಅರ್ಧ ಸೆಷನ್ ಚೌಕಾಸಿ ಮಾಡಿದ. ಆಟ ಮುಂದೆ ಹೋಗಲಿಲ್ಲ ನಿಜ. ಆದರೆ ಆ ಚೌಕಾಸಿ ಮುಗಿಯುವಷ್ಟರಲ್ಲಿ ಮಾದಪ್ಪ ಮೇಜಿನ ಮೇಲೆ ಜೀವ ಬಂದು ಕೂತಿದ್ದ.

ಈಗ ಎರಡನೇ ಸಾಲು. ಜೊತೆಗಾರ ‘ಆಗಲ್ಲ’ ಅನ್ನಲೇಬೇಕಾದ ಒಂದು ವಿಷಯ ಇಟ್ಟುಕೊಳ್ಳಿ, ಆ ಹೊತ್ತು ಬಂದಾಗ ಹಿಂದೆ ಸರಿಯಬೇಡಿ. ಕುಂತಿಬೆಟ್ಟದ ಕೆಳಗೆ ಓಗರ್ ಅನ್ನುವ ಒಂದು ದೊಡ್ಡ ರಾಕ್ಷಸ ಅಡ್ಡ ನಿಂತಿತ್ತು. ನಮ್ಮ ಫೈಟರ್‌ಗೆ ಭಾರಿ ಐಡಿಯಾ ಬಂತು: ಒಂದು ಎತ್ತನ್ನು ಮುಂದೆ ಬಿಡೋಣ, ಓಗರ್ ಅದನ್ನು ತಿನ್ನುತ್ತಾ ಕೂತಾಗ ಹಿಂದಿನಿಂದ ಹೊಡೆಯೋಣ. ಮಾದಪ್ಪ ಎಲೆ ಅಡಿಕೆ ಉಗಿದು, “ಅದಕ್ ನಿಮ್ಮಪ್ಪನ್ನ ಬುಡಿ ಸ್ವಾಮಿ” ಅಂದ. ನೊಗದಿಂದ ಎತ್ತು ಬಿಚ್ಚಿಕೊಂಡ, ಕತ್ತಲಲ್ಲಿ ನಡೆದುಬಿಟ್ಟ. ಗಾಡಿ, ಅದರ ತುಂಬ ಪಾರ್ಟಿಯ ಸಾಮಾನು, ಬೆಲ್ಲ ಎಲ್ಲ ಅಲ್ಲೇ ನಿಂತಿತು. ಎಳೆಯುವವರಿಲ್ಲ.

ಇಲ್ಲಿ ಡೈಸ್ ಕೇಳಬೇಡಿ. ಮನವೊಲಿಸೋಕೆ ಹಾಕುವ ಪರ್ಸುಯೇಶನ್ ರೋಲ್‌ನಲ್ಲಿ ಡೈಸ್‌ನ ಅತಿ ದೊಡ್ಡ ಅಂಕಿ 20 ಬಿದ್ದರೂ ಅವನು ಎತ್ತು ಕೊಡುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಿ. ಡೈಸ್ ಇರೋದು ಎರಡೂ ಕಡೆ ವಾಲಬಹುದಾದ ಮನಸ್ಸಿಗೆ. ಆಮೇಲೆ ವಾಪಸ್ ಬರುವ ದಾರಿ ಮಾತ್ರ ತೆರೆದಿಡಿ. ಮುಂದಿನ ವಾರ ಪೂರ್ತಿ ಅವನನ್ನು ಹುಡುಕೋದೇ ಆಯಿತು. ಒಂದು ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ಕೂತಿದ್ದ. ಫೈಟರ್ ಕ್ಷಮೆ ಕೇಳಿದ್ದಕ್ಕೆ ಅವನು ತಿರುಗಿಯೂ ನೋಡಲಿಲ್ಲ. ರೇಂಜರ್ ಮಾತಿಲ್ಲದೆ ಎತ್ತುಗಳ ಮುಂದೆ ಹಿಂಡಿ ಇಟ್ಟಳು. ಅದು ಕೆಲಸ ಮಾಡಿತು. ಜೊತೆಗಾರನಿಗೆ ಯಾವುದು ಮುಖ್ಯವೋ ಅದನ್ನು ಮುಟ್ಟಿದ ಕೆಲಸಕ್ಕೆ ರೋಲ್ ಇಲ್ಲದೆಯೇ ಫಲ ಕೊಡಿ.

ಹಾಗಾದರೆ ಡೈಸ್ ಯಾವಾಗ? ಜೀವಭಯ ಬಂದಾಗ. ಇದಕ್ಕೆ ನಾನು ಹಳೇ ನಿಯಮವನ್ನೇ ಎತ್ತಿಕೊಂಡಿದ್ದೇನೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ತಂದ ಮೊದಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲೇ ಕರಿಸ್ಮಾಗೆ (ಪಾತ್ರದ ಆಕರ್ಷಣೆಯ ಅಂಕಕ್ಕೆ) ಇದ್ದ ದೊಡ್ಡ ಕೆಲಸ ಅಂದರೆ ಎಷ್ಟು ಜನ ನಿಮ್ಮ ಹಿಂದೆ ಬರುತ್ತಾರೆ ಅಂತ ಹೇಳೋದು. 1981ರ ಬೇಸಿಕ್ ಆವೃತ್ತಿಯಲ್ಲಿ ಇದು ಸಲೀಸಾಯಿತು. ಕರಿಸ್ಮಾ 9ರಿಂದ 12 ಇದ್ದರೆ ನಾಲ್ಕು ಜೊತೆಗಾರರ ತನಕ, ಅವರ ಮೊರಾಲ್ (ಎದೆಗಾರಿಕೆಯ ಅಂಕ) 7. ಕರಿಸ್ಮಾ 18 ಆದರೆ ಏಳು ಜನ, ಮೊರಾಲ್ 10. ಪರೀಕ್ಷೆ ಬಂದಾಗ ಎರಡು ಆರುಮುಖದ ಡೈಸ್ ಹಾಕಬೇಕು. ಮೊತ್ತ ಮೊರಾಲ್‌ಗಿಂತ ಜಾಸ್ತಿ ಬಂದರೆ ಆಸಾಮಿ ಓಟ ಕೀಳುತ್ತಾನೆ.

ಗಣಿತದ ಟೀಚರ್‌ಗೆ ಇದು ಹಬ್ಬ. ಎರಡು ಡೈಸ್‌ಗೆ 36 ಸಾಧ್ಯತೆ. ಮೊರಾಲ್ 7 ಇದ್ದರೆ ಅವನು ನಿಲ್ಲುವುದು 21 ಸಲ, ಅಂದರೆ ಸುಮಾರು ಶೇ. 58. ಎಂಟಕ್ಕೆ 26, ಒಂಬತ್ತಕ್ಕೆ 30, ಹತ್ತಕ್ಕೆ 33. ಏರಿಕೆ ನೋಡಿ: ಮೊದಲು ಐದು, ಆಮೇಲೆ ನಾಲ್ಕು, ಆಮೇಲೆ ಮೂರು. ಶುರುವಿನಲ್ಲಿ ಗಳಿಸಿದ ನಂಬಿಕೆಗೇ ಬೆಲೆ ಜಾಸ್ತಿ ಅಲ್ವಾ? ಹಾಗಾಗಿ ಮೊದಲ ಅಂಕವನ್ನು ಸುಮ್ನೆ ಕೊಡಬೇಡಿ. ನಮ್ಮ ಮೇಜಿನಲ್ಲಿ ಕೂಲಿ ಸರಿಯಾಗಿ ಕೊಟ್ಟದ್ದಕ್ಕೆ ಅಂಕ ಇಲ್ಲ, ಅದು ಬಾಕಿ ತೀರಿಸಿದ್ದಷ್ಟೇ. ತಮ್ಮ ಕೆಲಸ ಬಿಟ್ಟು ಅವನ ಕೆಲಸಕ್ಕೆ ನಿಂತರೆ ಒಂದು ಅಂಕ. ಹಿಂಡಿ ಇಟ್ಟ ದಿನ ಮಾದಪ್ಪ ಎಂಟಕ್ಕೆ ಬಂದ.

ಆ ಅಂಕವನ್ನು ನಾನು ಆಟಗಾರರಿಗೆ ತೋರಿಸುವುದಿಲ್ಲ. ಅವನು ಕರೆಯುವ ರೀತಿ ಬದಲಾಯಿಸುತ್ತೇನೆ. ರೇಂಜರ್ ಈಗ ‘ಸ್ವಾಮಿ’ ಅಲ್ಲ, ‘ಅವ್ವ’. ವಿಝಾರ್ಡ್ ಹುಡುಗನಿಗೆ ‘ಏನ್ಲಾ’. ಫೈಟರ್ ಮಾತ್ರ ಇನ್ನೂ ‘ಸ್ವಾಮಿ’ಯಲ್ಲೇ ಇದ್ದಾನೆ, ಅದೂ ಕೊಂಚ ಎಳೆದು. ಯಾರಿಗೂ ವಿವರಿಸಬೇಕಾಗಿಲ್ಲ. ಮಾವನ ಮಗನಿಗೆ ಪ್ರತಿ ಸಲ ಉರಿಯುತ್ತದೆ.

ಇನ್ನು ಧ್ವನಿ. ಒಂದೇ ಬಾಯಲ್ಲಿ ಡಿಎಂ ಊರ ಗೌಡನೂ ಆಗಿ, ಮಾದಪ್ಪನೂ ಆಗಿ ಇಬ್ಬರ ನಡುವೆ ಮಾತಾಡುತ್ತಿದ್ದರೆ ಆಟಗಾರರು ಮೊಬೈಲ್ ತೆಗೆಯುತ್ತಾರೆ. ಚೀಟಿಯನ್ನು ಒಬ್ಬ ಆಟಗಾರನ ಕೈಗೆ ಕೊಟ್ಟುಬಿಡಿ. ಒಂದೇ ಷರತ್ತು: ಆ ದೃಶ್ಯದಲ್ಲಿ ಅವನ ಜೊತೆ ವ್ಯವಹಾರ ಇರುವವನ ಕೈಗೆ ಬೇಡ. ಫೈಟರ್ ಚೌಕಾಸಿ ಮಾಡುವಾಗ ಮಾದಪ್ಪನಾಗಿ ಮಾತಾಡಿದ್ದು ಪಕ್ಕದ ಮನೆ ಹುಡುಗ. ಕಾಸು ಬಿಡಲಿಲ್ಲ. 1987ರ ಆರ್ಸ್ ಮ್ಯಾಜಿಕಾ ಅನ್ನುವ ಆಟ ಇದನ್ನೇ ನಿಯಮ ಮಾಡಿತ್ತು. ಅದರಲ್ಲಿ ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಜೊತೆಗಾರ. ಗ್ರಾಗ್ ಅನ್ನುವ ಆಳುಕಾಳುಗಳು ಮಾತ್ರ ಎಲ್ಲರಿಗೂ ಸೇರಿದವರು, ಬೇಕಾದಾಗ ಯಾರು ಬೇಕಾದರೂ ಆಡಬಹುದು.

ಜಗಳದಲ್ಲಿ ಜೊತೆಗಾರನ ಸರದಿ ಚಿಕ್ಕದಾಗಿರಲಿ. ಒಂದು ಕೆಲಸ ಮಾಡಲಿ, ಕೊನೇ ಪೆಟ್ಟು ಅವನದಾಗದಿರಲಿ. ಲೆವೆಲ್ ಏರುವ ಜೊತೆಗಾರ ಬೇಕು ಅನ್ನುವವರಿಗೆ 2020ರ ಪುಸ್ತಕವೊಂದರಲ್ಲಿ ಸೈಡ್‌ಕಿಕ್ (ಬಲಗೈ ಬಂಟ) ನಿಯಮ ಇದೆ. ಎಕ್ಸ್‌ಪರ್ಟ್ (ಕಸುಬುಗಾರ), ಸ್ಪೆಲ್‌ಕ್ಯಾಸ್ಟರ್ (ಮಂತ್ರ ಹಾಕುವವ), ವಾರಿಯರ್ (ಹೊಡೆದಾಡುವವ) ಅಂತ ಮೂರೇ ಬಗೆ, ಲೆಕ್ಕ ಸುಲಭ. ಪ್ರಾಣಿ ಸಾಕುವ ರೇಂಜರ್‌ಗೂ ಆಗಲೇ ಅನುಕೂಲವಾಯಿತು. 2014ರ ನಿಯಮದಲ್ಲಿ ಪ್ರಾಣಿ ಕಚ್ಚಬೇಕಾದರೆ ರೇಂಜರ್ ತನ್ನ ಆಕ್ಷನ್ (ಆ ಸರದಿಯ ಮುಖ್ಯ ಕೆಲಸ) ಬಿಡಬೇಕಿತ್ತು, ಹೊಸದರಲ್ಲಿ ಬೋನಸ್ ಆಕ್ಷನ್ (ಅದರ ಜೊತೆಗೆ ಮಾಡಬಹುದಾದ ಸಣ್ಣ ಕೆಲಸ) ಸಾಕು. ನಾಯಿ ಕಚ್ಚೋಕೆ ಯಜಮಾನ ಕೈಕಟ್ಟಿ ನಿಲ್ಲಬೇಕು ಅನ್ನೋದು ನನಗೆ ಯಾವತ್ತೂ ಅರ್ಥವಾಗಲಿಲ್ಲ.

ವಿಝಾರ್ಡ್‌ನ ಫೆಮಿಲಿಯರ್ (ಮಂತ್ರದಿಂದ ಕರೆಸಿಕೊಂಡ ಪ್ರಾಣಿ) ಕಷ್ಟ ಬೇರೆ. ನಮ್ಮ ಹುಡುಗನದು ಗೂಬೆ. ನಾವು ಆಡುವ 2014ರ ನಿಯಮದ ಪ್ರಕಾರ ಅದು ದಾಳಿ ಮಾಡುವಂತಿಲ್ಲ. ಹಿಟ್ ಪಾಯಿಂಟ್ ಸೊನ್ನೆಯಾದರೆ ಮಾಯವಾಗುತ್ತದೆ, 10 ಚಿನ್ನದ ನಾಣ್ಯದಷ್ಟು ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟರೆ ಮತ್ತೆ ಬರುತ್ತದೆ. ಸಾವೇ ಇಲ್ಲ ಅಂದಮೇಲೆ ಹುಡುಗ ಅದನ್ನು ಎಲ್ಲ ಬೋನಿಗೂ ಮೊದಲು ಕಳಿಸುತ್ತಿದ್ದ. ನಾನು ನಿಯಮ ಮುಟ್ಟಲಿಲ್ಲ. ಗೂಬೆಗೆ ನೆನಪು ಕೊಟ್ಟೆ, ಅಷ್ಟೇ. ಬಂದಾಗಲೆಲ್ಲ ಹಿಂದಿನ ಸಾವನ್ನು ಅದು ಅವನಿಗೆ ವರದಿ ಮಾಡುತ್ತದೆ, ದೂರಿಲ್ಲದೆ, ತಣ್ಣಗೆ. ಈಗ ಬಾಗಿಲು ತೆಗೆಯೋಕೆ ಕೋಲು ಬಳಸುತ್ತಾನೆ.

ಇದರಿಂದ ಇನ್ನೊಂದು ದಾರಿಯೂ ಸಿಕ್ಕಿತು: ಜೊತೆಗಾರರ ನಡುವಿನ ಸಂಬಂಧ. ಗೂಬೆ ಕಂಡರೆ ಮಾದಪ್ಪನಿಗೆ ಅಪಶಕುನ. ಅದು ನೊಗದ ಮೇಲೆ ಕೂತರೆ ಗಾಡಿ ಹೊರಡೋದಿಲ್ಲ. ಪಾರ್ಟಿಯವರು ರಾಜಿ ಮಾಡಿಸಬೇಕು. ಇಬ್ಬರು ಜೊತೆಗಾರರಿದ್ದರೆ ಅವರ ನಡುವೆ ಒಂದು ಸಣ್ಣ ಕಿರಿಕಿರಿ ಇಡಿ, ಡಿಎಂಗೆ ದೃಶ್ಯಗಳು ತಾವಾಗೇ ಹುಟ್ಟುತ್ತವೆ.

ಪ್ರೀತಿ ಪ್ರೇಮದ ವಿಷಯ ಬಂದರೆ ಆಟ ಶುರುವಾಗುವ ಮೊದಲೇ ಎಲ್ಲರನ್ನೂ ಕೇಳಿ. ಯಾವುದು ಬೇಡವೇ ಬೇಡ, ಯಾವುದನ್ನು ಪರದೆಯ ಹಿಂದೆ ಇಟ್ಟು ಮುಂದೆ ಹೋಗಬೇಕು ಅಂತ ಬರೆದಿಟ್ಟುಕೊಳ್ಳಿ. ನಮ್ಮ ಮೇಜಿನ ಪಕ್ಕದಲ್ಲೇ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿರುತ್ತಾರೆ, ನಮ್ಮ ಪಟ್ಟಿ ಉದ್ದವಿದೆ.

ಸಾವು ಬರಬಹುದು. ಜೊತೆಗಾರನನ್ನು ಆಟಗಾರರಿಗೆ ನೋವಾಗಲಿ ಅಂತ ಕೊಲ್ಲಬೇಡಿ, ಹಾಗೆ ಒಮ್ಮೆ ಮಾಡಿದ ಡಿಎಂ ಮೇಜಿನಲ್ಲಿ ಇನ್ಯಾರೂ ಯಾರನ್ನೂ ಹಚ್ಚಿಕೊಳ್ಳುವುದಿಲ್ಲ. ಅಪಾಯ ಇದೆ ಅಂತ ಮೊದಲೇ ಕಾಣಿಸಿ, ಆಯ್ಕೆ ಅವರದಾಗಿರಲಿ. ಸತ್ತೇ ಹೋದರೆ ಅವನ ಕೆಲಸ ಪಾರ್ಟಿಯ ತಲೆ ಮೇಲೆ ಬರುತ್ತದೆ. ಬೆಲ್ಲದ ಜೊತೆ ಸುದ್ದಿಯನ್ನೂ ಮಗಳಿಗೆ ಮುಟ್ಟಿಸಬೇಕಾದವರು ಅವರೇ.

ಅದಕ್ಕಿಂತ ಹೆಚ್ಚು ಸಲ ಆಗೋದು ಅವನ ಕೆಲಸ ಮುಗಿಯೋದು. ಆಗ ಆಟ ನಿಲ್ಲಿಸಿ, ಚೀಟಿಯ ಮೊದಲ ಸಾಲು ಹೊಡೆದುಹಾಕಿ, ಇವನಿಗೆ ಈಗ ಏನು ಬೇಕು ಅಂತ ಆಟಗಾರರನ್ನೇ ಕೇಳಿ. ಯಾರಿಗೂ ಏನೂ ಹೊಳೆಯದಿದ್ದರೆ ಅವನನ್ನು ಮನೆಗೆ ಕಳಿಸಿ, ಎಳೆಯಬೇಡಿ. ನಮ್ಮವರಿಗೆ ಹೊಳೆಯಿತು. ಮಾದಪ್ಪ ಮೇಲುಕೋಟೆಯಲ್ಲಿ ಬೆಲ್ಲ ಇಳಿಸಿದ ಮೇಲೆ ಅವನಿಗೆ ಸ್ವಂತ ಆಲೆಮನೆ ಬೇಕು ಅಂತ ಬರೆದದ್ದು ಫೈಟರ್. ‘ಸ್ವಾಮಿ’ ಅನ್ನಿಸಿಕೊಳ್ಳೋದರಿಂದ ಪಾರಾಗಲು ಬಂಡವಾಳವನ್ನೂ ತಾನೇ ಹಾಕಿದ್ದಾನೆ. ಈ ಭಾನುವಾರದೊಳಗೆ ನಾನು ಪಾಳೆಯಪಟ್ಟಿನಲ್ಲಿ ಕಬ್ಬಿನ ದರ ಎಷ್ಟು ಅಂತ ಗೊತ್ತುಮಾಡಬೇಕು.