ಕಾಸ್ಟಿಕ್‌ನಲ್ಲಿ ಬೆಂದ ಅದಿರು ಕೊನೆಗೂ ಬಾಯಿಬಿಟ್ಟಿತು

"ಕಾಸ್ಟಿಕ್ ಸೋಡಾ ಹಾಕಿ ಬೇಯಿಸಿದ್ರೆ ಸೋಪು ಬರುತ್ತೆ ಮಾರಾಯ, ಚಿನ್ನ ಬರಲ್ಲ" ಅಂದಿದ್ದರು ಗಣಿಯ ಕಾಲದ ಗೆಳೆಯರು. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಕೊಡಗಿನ ಗೋಣಿಕೊಪ್ಪದ ಹತ್ತಿರ ಅಪ್ಪನ ತೋಟಕ್ಕೆ ಮರಳಿದವನು ನಾನು. ಕಾಫಿ ಗೋದಾಮಿನ ಒಂದು ಮೂಲೆಯೇ ಲ್ಯಾಬು. ಅದಿರು ರಾಯಚೂರು ಕಡೆಯದು, ಟನ್ನಿಗೆ 2 ಗ್ರಾಂ ಚಿನ್ನ ಇದ್ದರೆ ಹೆಚ್ಚು, ಅದೂ ಆರ್ಸೆನೊಪೈರೈಟ್ ಎಂಬ ಆರ್ಸೆನಿಕ್, ಕಬ್ಬಿಣ, ಗಂಧಕದ ಖನಿಜದ ಹೊಟ್ಟೆಯೊಳಗೆ. ಚಿನ್ನ ಕರಗಿಸಿ ತೆಗೆಯುವ ಸಯನೈಡ್‌ಗೆ ನೇರವಾಗಿ ಹಾಕಿದರೆ ಸಿಗುವ ಚಿನ್ನ ಶೇ. 35 ದಾಟುತ್ತಿರಲಿಲ್ಲ.

ಇನ್ನೂ ನುಣ್ಣಗೆ ಅರೆದು ನೋಡಿದೆ. ಐದಾರು ಶೇಕಡಾ ಅಂಶ ಏರಿತು, ಸಯನೈಡ್ ಖರ್ಚು ಮಾತ್ರ ಒಂದೂವರೆ ಪಟ್ಟಾಯಿತು. ಹುರಿಯೋಣವೆಂದರೆ ಆರ್ಸೆನಿಕ್ ಹೊಗೆ. ಲೈನ್ ಮನೆಯ ಮಕ್ಕಳು ಓಡಾಡುವ ಜಾಗದಲ್ಲಿ ಅದರ ಮಾತೇ ಬೇಡ. ನೈಟ್ರಿಕ್ ಆಮ್ಲ ಕೆಲಸ ಮಾಡಿತು, ಆದರೆ ಆ ಬೆಲೆಗೆ ಚಿನ್ನವನ್ನು ಅಂಗಡಿಯಲ್ಲೇ ಕೊಳ್ಳಬಹುದಿತ್ತು.

ಆ ಖನಿಜವನ್ನು ಒಡೆದು ಚಿನ್ನವನ್ನು ಸಯನೈಡ್‌ಗೆ ಸಿಗುವಂತೆ ಮಾಡಲು ಉಳಿದದ್ದು ಕಾಸ್ಟಿಕ್. ಅದರ ಮೊದಲ ಆರು ಬ್ಯಾಚ್ ಹಾಳು. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋಯಿತು, ಪಾತ್ರೆಗೆ ಊದುವ ಗಾಳಿ ನಿಂತಿತು, ಬೆಳಿಗ್ಗೆ ನೋಡಿದರೆ ಅದಿರೆಲ್ಲ ತಳಕ್ಕೆ ಸಿಮೆಂಟಿನಂತೆ ಕಚ್ಚಿತ್ತು. ಉಳಿಯಲ್ಲಿ ಕೆತ್ತಿ ತೆಗೆದೆ. ಇನ್ನೊಮ್ಮೆ ಕೆಲಸದ ಹುಡುಗ ಅಲ್ಯೂಮಿನಿಯಂ ಸೌಟು ಅದ್ದಿದ. ಬುಸ್ಸೆಂದು ನೊರೆ ಉಕ್ಕಿ, ಕೈಯಲ್ಲಿ ಹಿಡಿಯಷ್ಟೇ ಉಳಿಯಿತು. ಬ್ಯಾಟರಿ, ಇನ್ವರ್ಟರ್, ಸ್ಟೀಲ್ ಪಾತ್ರೆ, ಅಸ್ಸೇ (ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂಬ ಪರೀಕ್ಷೆ) ಶುಲ್ಕ ಎಲ್ಲ ಸೇರಿ ಲಕ್ಷದ ಹತ್ತಿರ ಹೋಗಿದೆ. ಆ ವರ್ಷದ ಮೆಣಸಿನ ದುಡ್ಡು ಅದು.

ಕೈಹಿಡಿದದ್ದು 80 ಡಿಗ್ರಿ, ಬಿಡದೆ ಗಾಳಿ, ಒಂದು ಹಗಲು ಒಂದು ರಾತ್ರಿ. ಟನ್ನಿನ ಲೆಕ್ಕದಲ್ಲಿ ಕಾಸ್ಟಿಕ್ 40–45 ಕಿಲೋ. ಉಕ್ಕಿನ ಬೂದು ಬಣ್ಣ ಮೆಲ್ಲಗೆ ಇಟ್ಟಿಗೆಪುಡಿಯ ಕೆಂಪಿಗೆ ತಿರುಗಿದಾಗಲೇ ಖನಿಜ ಒಡೆಯಿತೆಂದು ನನಗೆ ಗೊತ್ತಾಯಿತು. ನಾಲ್ಕನೇ ಗಂಟೆಗೆ ಇನ್ನೊಂದು ವಸ್ತು ಚಿಟಿಕೆಯಷ್ಟು ಹಾಕುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಸಯನೈಡನ್ನು ತೋಟಕ್ಕೆ ತಂದವನಲ್ಲ, ಆ ಕೆಲಸವೆಲ್ಲ ಲೈಸೆನ್ಸ್ ಇರುವ ಗೆಳೆಯರ ಲ್ಯಾಬಿನಲ್ಲೇ. ತೊಳೆದ ಅದಿರನ್ನು ಅಲ್ಲಿಗೆ ಕಳಿಸಿದೆ. ಸಿಕ್ಕ ಚಿನ್ನ ಶೇ. 78. ಅವರು ನಂಬದೆ ಮತ್ತೆ ಮಾಡಿದರು, 79 ಬಂತು. ಸೋಪಿನ ಮಾತು ಆಡಿದವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಾರೆ.

ನಡುವೆ ಕಾಫಿ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ಹೀರುತ್ತದೆಯೇ ಎಂದೂ ನೋಡಿಸಿದೆ. ಹೀರಿತು, ಆದರೆ ಕಲಕುವಾಗ ಪುಡಿಯಾಗಿ ಜರಡಿ ದಾಟಿ ಹೋಯಿತು. ತೆಂಗಿನ ಚಿಪ್ಪಿನ ಕಾರ್ಬನ್ನೇ ಸರಿ.

ಉಳಿದ ಕಾಸ್ಟಿಕ್ ನೀರಿನಲ್ಲಿ ಆರ್ಸೆನಿಕ್ ಇರುತ್ತದೆ. ಆಮ್ಲ ಹಾಕಿ ಪಿಎಚ್ 5ರ ಆಸುಪಾಸಿಗೆ ಇಳಿಸಿ, ಫೆರಿಕ್ ಕ್ಲೋರೈಡ್ (ಕಬ್ಬಿಣದ ಲವಣ) ಧಾರಾಳವಾಗಿ ಹಾಕಿ ಆರ್ಸೆನಿಕ್ಕನ್ನು ತಳಕ್ಕೆ ಕೂರಿಸಿ, ಆ ಕೆಸರನ್ನು ಡ್ರಮ್ಮಿನಲ್ಲಿ ಸೀಲ್ ಮಾಡಿ ಸೂರಿನಡಿ ಇಟ್ಟಿದ್ದೇನೆ. ನಮ್ಮ ತೋಡಿನ ನೀರು ಲಕ್ಷ್ಮಣತೀರ್ಥ ಸೇರಿ ಕಾವೇರಿಗೆ ಹೋಗುತ್ತದೆ. ಒಂದು ಹನಿಯನ್ನೂ ಅದಕ್ಕೆ ಬಿಟ್ಟಿಲ್ಲ. ಮಳೆ ಬಿಟ್ಟ ಮೇಲೆ 20 ಕಿಲೋ ಬ್ಯಾಚ್ ಹಾಕುತ್ತೇನೆ.