ಹೂವು ನೋಡಲು ಪುರುಸೊತ್ತಿಲ್ಲದ ಊರು

ಜಪಾನಿನ ಹಳ್ಳಿಯಲ್ಲಿದ್ದೇನೆ ಅಂದ ಕೂಡಲೇ ಸಾಗರದ ನೆಂಟರು ಕೇಳುವುದು ಸಕುರಾ ಹೂವಿನ ಫೋಟೋ. ಕಳಿಸುತ್ತೇನೆ, ಅದೂ ರಸ್ತೆ ಬದಿ ಕಾರು ನಿಲ್ಲಿಸಿ ಅವಸರದಲ್ಲಿ ತೆಗೆದದ್ದು. ನಮ್ಮ ಕಡೆ ಸಕುರಾ ಅರಳುವುದು ಏಪ್ರಿಲ್‌ನಲ್ಲಿ. ಅದೇ ಹೊತ್ತಿಗೆ ಕಾಲುವೆಯ ಹೂಳು ತೆಗೆಯಬೇಕು, ಭತ್ತದ ಸಸಿ ಬೆಳೆಸುವ ಟ್ರೇಗಳಿಗೆ ಮಣ್ಣು ತುಂಬಬೇಕು. ಮನೆಯಲ್ಲಿ ಯಾರಿಗೂ ತಲೆ ಎತ್ತಿ ನೋಡಲು ಬಿಡುವಿಲ್ಲ.

ನಾನಿರುವುದು ನಾಗಾನೊ ಪ್ರಾಂತ್ಯದ ಇನಾ ಕಣಿವೆಯಲ್ಲಿ, ಈದಾ ಪಟ್ಟಣದ ಹತ್ತಿರ. ಪಶ್ಚಿಮಕ್ಕೆ ಒಂದು ಬೆಟ್ಟಸಾಲು, ಪೂರ್ವಕ್ಕೆ ಇನ್ನೊಂದು, ನಡುವೆ ತೆನ್ರ್ಯೂ ನದಿ. ಇದು ಗಂಡನ ಊರು. ಅತ್ತೆ, ಮಾವ, ನಾವಿಬ್ಬರು, ಮಕ್ಕಳು ಎಲ್ಲ ಒಂದೇ ಮನೆಯಲ್ಲಿದ್ದೇವೆ. ಈ ಮನೆಗೆ ನಾನು ಹೊಂದಿಕೊಂಡದ್ದು ಭಾಷೆ ಕಲಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಕೆಲಸ ಕಲಿತು. ಇಲ್ಲಿ ಪ್ರತಿ ಋತುವೂ ಒಂದೊಂದು ಕೆಲಸ ಹೊತ್ತುಕೊಂಡೇ ಬರುತ್ತದೆ.

ಕಾಲುವೆ ಕೆಲಸಕ್ಕೆ ಮನೆಗೊಬ್ಬರು ಹೋಗಲೇಬೇಕು. ಯಾವ ದಿನ, ಎಷ್ಟು ಗಂಟೆಗೆ ಅನ್ನುವುದು ಮನೆಯಿಂದ ಮನೆಗೆ ದಾಟುವ ಸುತ್ತೋಲೆಯಲ್ಲಿ ಬರುತ್ತದೆ. ಓದಿ, ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಟ್ಟು ಬರಬೇಕು. ನಾಟಿ ನಡೆಯುವುದು ಮೇ ಮೊದಲ ವಾರ, ಸಾಲು ರಜೆಗಳಲ್ಲಿ. ನಾನು ಮಲೆನಾಡಿನವಳು. ನಾಟಿ ಅಂದರೆ ಬೆನ್ನು ಬಗ್ಗಿಸಿ ಇಡೀ ದಿನ ಅಂದುಕೊಂಡಿದ್ದೆ. ಇಲ್ಲಿ ಮಷೀನ್ ಹತ್ತಿ ಮಾವ ಮುಗಿಸಿಬಿಡುತ್ತಾರೆ. ಮಷೀನ್ ತಿರುಗದ ಮೂಲೆಗಳು ಮಾತ್ರ ನನಗೆ ಮತ್ತು ಮಕ್ಕಳಿಗೆ.

ನಿಜವಾದ ಕಷ್ಟ ಹುಲ್ಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಯ ಬದುಗಳಲ್ಲಿ ಹೊಡೆದಷ್ಟೂ ಬೆಳೆಯುತ್ತದೆ. ಸುಮ್ನೆ ಅಂದಕ್ಕೆ ಹೊಡೆಯುವುದಲ್ಲ. ಹುಲ್ಲಿನಲ್ಲಿ ಒಂದು ಜಾತಿಯ ತಿಗಣೆ ಸೇರಿಕೊಳ್ಳುತ್ತದೆ, ಹಾಲುದುಂಬಿದ ತೆನೆ ಹೀರುತ್ತದೆ, ಅಕ್ಕಿಯಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಜಾಸ್ತಿಯಾದರೆ ಅಕ್ಕಿಯ ದರ್ಜೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಆಗಸ್ಟ್ 13ಕ್ಕೆ ಹಿರಿಯರ ಆತ್ಮಗಳು ಮನೆಗೆ ಬರುವ ಓಬೋನ್ ಹಬ್ಬ. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡುವುದು ಮಕ್ಕಳ ಕೆಲಸ. ಬರುವಾಗ ಕುದುರೆ ಏರಿ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನ ಹೋಗಲಿ ಅಂತ. ಹಬ್ಬಕ್ಕೆ ಮುಂಚೆ ಸ್ಮಶಾನದ ದಾರಿಯ ಹುಲ್ಲನ್ನೂ ಹೊಡೆಯಬೇಕು ಅನ್ನಿ!

ಊಟದ ಮಾತು ಎಲ್ಲರೂ ಕೇಳುತ್ತಾರೆ. ನಾನು ಸಸ್ಯಾಹಾರಿ. ಇಲ್ಲಿನ ಸಾರಿಗೆಲ್ಲ ಒಣಮೀನಿನ ನೀರೇ ತಳಹದಿ. ಅತ್ತೆ ದಾರಿ ಕಂಡುಕೊಂಡರು. ಕೊಂಬು ಅನ್ನುವ ಕಡಲಪಾಚಿಯ ಪಟ್ಟಿ ಮತ್ತು ಒಣಗಿದ ಶಿತಾಕೆ ಅಣಬೆಯನ್ನು ರಾತ್ರಿಯಿಡೀ ನೆನೆಸಿಟ್ಟರೆ ಅದೇ ರುಚಿಯ ನೀರು ಸಿಗುತ್ತದೆ. ಈಗ ಮನೆಮಂದಿಯ ಮಿಸೊ ಸೂಪೂ, ಅಂದರೆ ಹುದುಗಿಸಿದ ಸೋಯಾಕಾಳಿನ ಮುದ್ದೆ ಕದಡಿ ಮಾಡುವ ಸಾರೂ, ಅದರಲ್ಲೇ. ಈ ಕಣಿವೆಯ ಹೆಸರುವಾಸಿ ತಿನಿಸುಗಳು ಸಕ್ಕರೆ, ಸೋಯಾ ಸಾಸ್ ಹಾಕಿ ಬೇಯಿಸಿದ ಮಿಡತೆ ಮತ್ತು ಕಣಜದ ಮರಿ. ಅವುಗಳ ಡಬ್ಬಿ ಮಾವನ ಪಕ್ಕದಲ್ಲೇ ಇರುತ್ತದೆ, ಅಲ್ಲೇ ಇರಲಿ.

ನನಗೆ ಅತಿ ಇಷ್ಟದ ಕೆಲಸ ನವೆಂಬರ್‌ನದು. ಕಾಕಿ, ಅಂದರೆ ನಮ್ಮ ಹಣ್ಣಂಗಡಿಗಳಲ್ಲಿ ಪರ್ಸಿಮನ್ ಅಂತ ಮಾರುವ ಹಣ್ಣು, ಅದನ್ನು ಒಣಗಿಸುವುದು. ಇಲ್ಲಿನ ತಳಿಯ ಹೆಸರು ಇಚಿದಾ-ಗಾಕಿ. ಚಿಕ್ಕ ಹಣ್ಣು. ಹಸಿಯಾಗಿ ಕಚ್ಚಿದರೆ ಬಾಯಿ ಪೂರ್ತಿ ಒಗರು. ಒಣಗಿಸಿದ ಮೇಲೆ ಇದಕ್ಕೇ ದೇಶದಲ್ಲೆಲ್ಲ ಬೇಡಿಕೆ. 2016ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಕೊಯ್ಯುವಾಗ ತೊಟ್ಟಿನ ಜೊತೆ ರೆಂಬೆಯ ಚೂರನ್ನು ಅಡ್ಡಕ್ಕೆ ಉಳಿಸಿಕೊಳ್ಳಬೇಕು, ದಾರ ಕಟ್ಟಲು ಅದೇ ಆಧಾರ. ಸಂಜೆ ಎಲ್ಲರೂ ಕೂತು ಸಿಪ್ಪೆ ತೆಗೆಯುತ್ತೇವೆ. ಬೆರಳೆಲ್ಲ ಕಪ್ಪಾಗುತ್ತದೆ. ಸಿಪ್ಪೆ ಸುಲಿದ ಹಣ್ಣನ್ನು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದರೆ ಬೂಷ್ಟು ಹಿಡಿಯುವುದು ಕಡಿಮೆ. ಆಮೇಲೆ ದಾರಕ್ಕೆ ಕಟ್ಟಿ, ಒಂದಕ್ಕೊಂದು ತಾಗದಂತೆ, ಮಳೆ ಬೀಳದ ಸೂರಿನ ಕೆಳಗೆ ಇಳಿಬಿಡುವುದು. ಹಪ್ಪಳ, ಸಂಡಿಗೆ ಮಾಡಿ ಬಿಸಿಲನ್ನೇ ನಂಬಿದ ಕೈ ನನ್ನದು. ಇಲ್ಲಿ ಬಿಸಿಲಿಗಿಂತ ಚಳಿಗಾಳಿ ಮುಖ್ಯ. ನವೆಂಬರ್‌ನಲ್ಲಿ ಬಿಸಿ ದಿನಗಳು ಬಂದು ಜೊತೆಗೆ ಮಳೆಯೂ ಹಿಡಿದರೆ ಹಣ್ಣು ಬೂಷ್ಟು ಬಂದು ಹಾಳಾಗುತ್ತದೆ. ಅದಕ್ಕೇ ಅತ್ತೆ ಹವಾಮಾನ ನೋಡದೆ ಒಂದು ಹಣ್ಣಿನ ಸಿಪ್ಪೆಯನ್ನೂ ತೆಗೆಯಲು ಬಿಡುವುದಿಲ್ಲ.

ಬೆಳಿಗ್ಗೆ ತೆನ್ರ್ಯೂ ನದಿಯಿಂದ ಮಂಜು ಏಳುತ್ತದೆ. ಹಣ್ಣು ಒಮ್ಮೆಲೇ ಒಣಗಿ ಗಟ್ಟಿಯಾಗದೆ ನಿಧಾನಕ್ಕೆ ಒಣಗುವುದು ಈ ಮಂಜಿನಿಂದಲೇ. ವಾರ ಹತ್ತು ದಿನ ಕಳೆದು ಮೇಲ್ಮೈ ಚರ್ಮದಂತಾದ ಮೇಲೆ ಒಂದೊಂದನ್ನೂ ಬೆರಳಿನಿಂದ ಮೆಲ್ಲಗೆ ಹಿಸುಕಬೇಕು. ಒಳಗಿನ ತಿರುಳು ಸಡಿಲವಾಗಿ ತೇವ ಹೊರಗೆ ಬರುತ್ತದೆ. ಜೋರಾಗಿ ಒತ್ತಿದರೆ ಒಡೆಯುತ್ತದೆ, ಅದಕ್ಕೇ ಮಕ್ಕಳಿಗೆ ಕೆಳಗಿನ ಸಾಲು ಮಾತ್ರ. ಡಿಸೆಂಬರ್ ಹೊತ್ತಿಗೆ ಹಣ್ಣಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಸಾಗರದ ನೆಂಟರು ಫೋಟೋ ನೋಡಿ ಬೂಷ್ಟು ಅಂದರು. ಅಲ್ಲ, ಅದು ಹಣ್ಣಿನದೇ ಸಕ್ಕರೆ. ಒಗರು ಕೊಡುವ ಟ್ಯಾನಿನ್ ಹಣ್ಣಿನಲ್ಲೇ ಇರುತ್ತದೆ, ಆದರೆ ಬಾಯಲ್ಲಿ ಕರಗದ ರೂಪಕ್ಕೆ ಬಂದಿರುತ್ತದೆ. ಹಾಗಾಗಿ ನಾಲಿಗೆಗೆ ಸಿಹಿ ಮಾತ್ರ ಗೊತ್ತಾಗುತ್ತದೆ.

ಚಳಿಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಮನೆಗೆ ಗಾಳಿ ನುಗ್ಗುತ್ತದೆ, ಎಲ್ಲರೂ ಕೊತಾತ್ಸು ಮೇಜಿನ ಕೆಳಗೆ ಕಾಲು ತೂರಿಸಿ ಕೂರುತ್ತೇವೆ. ಅದಕ್ಕೆ ಹೀಟರ್, ಮೇಲೆ ದಪ್ಪ ಹೊದಿಕೆ. ರಾತ್ರಿ ಶೂನ್ಯಕ್ಕಿಂತ ತುಂಬ ಕೆಳಗಿಳಿಯುತ್ತದೆ ಅಂದರೆ ಪೈಪಿನ ನೀರು ಬಸಿದು ಮಲಗಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಚಳಿ ಇಳಿಯುವ ಮೊದಲು ಮಿಸೊ ಹಾಕುತ್ತೇವೆ. ಸೋಯಾಕಾಳು ಬೇಯಿಸಿ ಅರೆದು, ಹುದುಗು ಬರಿಸುವ ಕೋಜಿ ಅನ್ನುವ ಬೂಷ್ಟು ಬೆಳೆಸಿದ ಅಕ್ಕಿ ಮತ್ತು ಉಪ್ಪು ಬೆರೆಸಿ, ಗಾಳಿ ಉಳಿಯದಂತೆ ಪೀಪಾಯಿಗೆ ಒತ್ತಿ ತುಂಬಿ ಮೇಲೆ ಕಲ್ಲು ಹೇರುವುದು. ಬಾಯಿ ತೆರೆಯುವುದು ಮುಂದಿನ ಚಳಿಗಾಲಕ್ಕೆ.

ಈಗ ನಮ್ಮ ಕಾಕಿ ಮರದ ಜೊತೆ ಪಕ್ಕದ ಖಾಲಿ ಮನೆಯ ಮರವನ್ನೂ ನಾವೇ ಕೊಯ್ಯುತ್ತೇವೆ. ಜಪಾನಿನಲ್ಲಿ ಇಂಥ ಖಾಲಿ ಮನೆಗಳು 2023ರ ಲೆಕ್ಕದಲ್ಲಿ ಸುಮಾರು 90 ಲಕ್ಷ. ಕೊಯ್ಯದೆ ಬಿಟ್ಟ ಹಣ್ಣಿಗೆ ಮಂಗ ಬರುತ್ತದೆ, ಕರಡಿಯೂ ಬರಬಹುದು. ಮಕ್ಕಳು ಶಾಲೆಗೆ ನಡೆದು ಹೋಗುವುದು ಅದೇ ದಾರಿಯಲ್ಲಿ, ಅಲ್ವಾ? ಹಾಗಾಗಿ ತಿನ್ನಲಿ ಬಿಡಲಿ, ಕೊಯ್ಯಲೇಬೇಕು. ಮಾವನಿಗೆ ಏಣಿ ಹತ್ತಲು ನಾವು ಬಿಡುವುದಿಲ್ಲ. ಗಂಡ ಹತ್ತುತ್ತಾರೆ, ನಾನು ಏಣಿ ಹಿಡಿಯುತ್ತೇನೆ, ಮಾವ ಕೆಳಗೆ ನಿಂತು ಯಾವ ರೆಂಬೆ ಎಲ್ಲಿ ಕತ್ತರಿಸಬೇಕು ಅಂತ ಇಬ್ಬರನ್ನೂ ಗದರುತ್ತಾರೆ. ಆ ಮನೆಯವರು ನಗರದಲ್ಲಿದ್ದಾರೆ. ಹಣ್ಣು ಒಣಗಿದ ಮೇಲೆ ಅತ್ತೆ ಅವರಿಗೂ ಒಂದು ಪೆಟ್ಟಿಗೆ ಕೊರಿಯರ್ ಮಾಡಿಸುತ್ತಾರೆ.