ಬ್ಯಾಟರಿಯೂ ಅಲ್ಲ, ಸೆಲ್ಫೂ ಅಲ್ಲ

ಜೂನ್ ತಿಂಗಳ ಎರಡನೇ ವಾರ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಅಮ್ಮನನ್ನು ಮಡಿಕೇರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಏಳಕ್ಕೆ ಕಾರಿನಲ್ಲಿ ಕೂತು ಕೀ ತಿರುಗಿಸಿದೆ. 'ಟಕ್'. ಅಷ್ಟೇ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಚೆನ್ನಾಗಿಯೇ ಉರಿಯುತ್ತಿದ್ದವು. ಹಾರ್ನ್ ಒತ್ತಿದರೆ ಶೆಡ್ಡಿನಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಎಂಜಿನ್ ಮಾತ್ರ ಅಲ್ಲಾಡಲಿಲ್ಲ. ಮತ್ತೆ ತಿರುಗಿಸಿದೆ, ಮತ್ತೆ 'ಟಕ್'. ಐದನೇ ಸಲಕ್ಕೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು.

ಕಾರು ಸಣ್ಣ ಪೆಟ್ರೋಲ್ ಗಾಡಿ, ಹದಿನೈದು ವರ್ಷ ಹಳೆಯದು. ಯಾವ ಕಂಪನಿ ಅಂತ ಹೇಳುವುದಿಲ್ಲ, ಏಕೆಂದರೆ ತಪ್ಪು ಕಂಪನಿಯದಲ್ಲ. ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಮನೆ ಮೇಲೆ, ಟಾರ್ ರಸ್ತೆ ಕೆಳಗೆ. ನಮ್ಮಲ್ಲಿ ಹಳೇ ಗಾಡಿ ಇಟ್ಟುಕೊಂಡವರೆಲ್ಲ ಮೂತಿಯನ್ನು ಇಳಿಜಾರಿಗೆ ಮಾಡಿಯೇ ನಿಲ್ಲಿಸುತ್ತಾರೆ. ಹಾಗಾಗಿ ಮುಂದಿನ ಎರಡು ವಾರ ನನಗೆ ದೊಡ್ಡ ತೊಂದರೆ ಆಗಲಿಲ್ಲ. 'ಟಕ್' ಅಂದರೆ ಹ್ಯಾಂಡ್‌ಬ್ರೇಕ್ ಬಿಡುವುದು, ಸ್ವಲ್ಪ ಉರುಳಿದ ಮೇಲೆ ಎರಡನೇ ಗೇರಿನಲ್ಲಿ ಕ್ಲಚ್ ಬಿಡುವುದು. ತಕ್ಷಣ ಸ್ಟಾರ್ಟ್. ತೊಂದರೆ ಆಗಿದ್ದು ಸಂತೆ ದಿನ, ಸಮತಟ್ಟು ಜಾಗದಲ್ಲಿ ನಿಲ್ಲಿಸಿದ್ದಾಗ. ನಾಲ್ಕು ಜನ ತಳ್ಳಿದರು. ಅದರಲ್ಲಿ ಒಬ್ಬ ನಮ್ಮ ತೋಟಕ್ಕೇ ಕೆಲಸಕ್ಕೆ ಬರುವವನು. ಮಾರನೇ ದಿನದಿಂದ ಬೆಳಿಗ್ಗೆ ಬಂದ ಕೂಡಲೇ ಕೇಳಲು ಶುರು ಮಾಡಿದ: "ಅಣ್ಣಾ, ಇವತ್ತು ತಳ್ಳೋದಿದ್ಯಾ, ಇಲ್ಲ ನೇರ ತೋಟಕ್ಕೆ ಹೋಗ್ಲಾ?"

ಜುಲೈ ಮೊದಲಲ್ಲಿ ಒಂದು ದಿನ ಕಾರು ಶೆಡ್ಡಿನೊಳಗೇ ಹಟ ಹಿಡಿಯಿತು. ಪಕ್ಕದ ತೋಟದ ಅಣ್ಣ ಜೀಪು ತಂದು, ಕೇಬಲ್ ಹಾಕಿ ಎಬ್ಬಿಸಿದರು. ಕೀ ಮುಟ್ಟಿದ್ದೇ ತಡ, ಎಂಜಿನ್ ಎದ್ದಿತು.

"ಬ್ಯಾಟರಿ ಹೋಯ್ತು ಮಾರಾಯ. ನನ್ನ ಬ್ಯಾಟರಿಗೆ ಸ್ಟಾರ್ಟ್ ಆಯ್ತಲ್ಲ, ಇನ್ನೇನು ನೋಡೋದಿದೆ?" ಅಂದರು.

ನನಗೂ ಅನುಮಾನ ಬರಲಿಲ್ಲ. ಬ್ಯಾಟರಿಗೆ ಮೂರು ವರ್ಷ ಆಗಿತ್ತು. ಹಳೆಯದನ್ನು ಕೊಟ್ಟು, ಮೇಲೆ 4,200 ರೂಪಾಯಿ ಹಾಕಿ ಹೊಸದು ತಂದೆ. ಹತ್ತು ದಿನ ಕಾರು ಚಿನ್ನದ ಹಾಗಿತ್ತು. ಹನ್ನೊಂದನೇ ದಿನ 'ಟಕ್'.

ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಸೆಲ್ಫ್, ಅಂದರೆ ಕೀ ತಿರುಗಿಸಿದಾಗ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರ್ ಬಿಚ್ಚಿ, ಕಾರ್ಬನ್ ಬ್ರಷ್ ಬದಲಿಸಿ, ಒಳಗೆ ತೊಳೆದು ಕೂರಿಸಿದರು. 1,800 ರೂಪಾಯಿ. ಬ್ರಷ್ ಸವೆದಿದ್ದು ನಿಜ, ಅದರಲ್ಲಿ ಮೋಸ ಇರಲಿಲ್ಲ. ಮತ್ತೆ ಒಂದು ವಾರ ಸುಖ. ಆಮೇಲೆ ಅದೇ ರಾಗ. ಎರಡನೇ ಸಲ ಹೋದಾಗ ಮೀಟರ್ ಇಟ್ಟು, "ಚಾರ್ಜಿಂಗ್ 13.5 ವೋಲ್ಟ್ ಮಾತ್ರ ಬರ್ತಿದೆ, ಡೈನಮೋ ವೀಕ್ ಇರ್ಬಹುದು" ಅಂದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಒಂದೊಂದೇ ಸಾಮಾನು ಬದಲಿಸುತ್ತಾ ಹೋದರೆ ಕೊನೆಗೆ ಹಳೆಯದಾಗಿ ಉಳಿಯುವುದು ಡ್ರೈವರ್ ಒಬ್ಬನೇ ಅನಿಸಿತು.

ಮನೆಯಲ್ಲಿ ಒಂದು ಮಲ್ಟಿಮೀಟರ್ ಇತ್ತು. ಕಾರಿಗೆ ಅಂತ ತಂದಿದ್ದಲ್ಲ. ಆನೆ ಕಾಟಕ್ಕೆ ತೋಟದ ಅಂಚಿಗೆ ಹಾಕಿದ ಸೋಲಾರ್ ಬೇಲಿಯ ಬ್ಯಾಟರಿ ನೋಡಲು ತಂದಿದ್ದು. ಆಗಸ್ಟ್ ಮೊದಲ ವಾರ ಭಾಗಮಂಡಲದಲ್ಲಿ ಸಂಗಮ ತುಂಬಿ, ನಾಪೋಕ್ಲು ರಸ್ತೆ ಮುಳುಗಿ, ಎಲ್ಲಿಗೂ ಹೋಗಲಾಗದ ದಿನಗಳು. ಕರೆಂಟೂ ಇಲ್ಲ. ಸುಮ್ನೆ ಕೂರುವ ಬದಲು ಬಾನೆಟ್ ಎತ್ತಿದೆ.

ಮೊದಲು ಗೊತ್ತಿದ್ದ ವಿಷಯಗಳನ್ನೇ ಮತ್ತೆ ಯೋಚಿಸಿದೆ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಮೊದಲು ಶಬ್ದ ಕೇಳಬೇಕು. ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲ ಕಿಡಿ ಬರುತ್ತಿಲ್ಲ. ಕಾಫಿ ಮೂಟೆ ಇಡುವ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಆಗ ಇಲಿ ವೈರ್ ಕಡಿದಿದೆಯೇ ಅಂತ ನೋಡುವುದು ಒಳ್ಳೆಯದು. 'ಟಕ ಟಕ ಟಕ' ಅಂತ ಒಂದೇ ಸಮ ಬಡಿದುಕೊಂಡು, ದೀಪ ಕೆಂಪಗೆ ಮಂಕಾದರೆ ಜಾಸ್ತಿ ಸಲ ಅದು ಬ್ಯಾಟರಿ ಖಾಲಿ. ನನ್ನದು ಎರಡೂ ಅಲ್ಲ. ಒಂದೇ 'ಟಕ್', ದೀಪ ಹಾಗೇ ಇದೆ. ತಳ್ಳಿದರೆ ತಕ್ಷಣ ಹತ್ತಿಕೊಳ್ಳುತ್ತೆ. ಅಂದರೆ ಪೆಟ್ರೋಲ್, ಕಿಡಿ ಎರಡೂ ಸರಿ. ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಸೆಲ್ಫ್ ತನಕ ಮುಟ್ಟುತ್ತಿಲ್ಲ. ಇದನ್ನು ಜೂನ್‌ನಲ್ಲೇ ಯೋಚಿಸಬಹುದಿತ್ತು, ಅಲ್ವಾ?

ಬ್ಯಾಟರಿ ನೋಡಿದೆ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್. ತುಂಬಿದ ಬ್ಯಾಟರಿ ತೋರಿಸಬೇಕಾದ್ದೇ ಅಷ್ಟು. 12.2ಕ್ಕೆ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಕಾರು ನಿಂತಿದ್ದಾಗ ಕರೆಂಟ್ ಸೋರುತ್ತಿದೆಯೇ ಅಂತಲೂ ನೋಡಿದೆ, 22 ಮಿಲಿಆಂಪ್. ಅದೇನೂ ಜಾಸ್ತಿ ಅಲ್ಲ. ಆಮೇಲೆ ಬ್ಯಾಟರಿಯಿಂದ ಹೊರಡುವ ಎರಡು ದಪ್ಪ ಕೇಬಲ್‌ಗಳು. ಪ್ಲಸ್ಸಿನದು ಸೆಲ್ಫಿಗೆ ಹೋಗುತ್ತೆ. ಮೈನಸ್ಸಿನದು ಎರಡು ಕವಲು: ಗಿಡ್ಡದು ಬಾಡಿಗೆ, ಉದ್ದದ್ದು ಕೆಳಗಿಳಿದು ಗೇರ್‌ಬಾಕ್ಸಿಗೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ ಎರಡೂ ಕೇಬಲ್‌ಗಳ ತುದಿಗೆ ಇಟ್ಟೆ. ಎರಡೂ ಬೀಪ್ ಅಂದವು. ಓಮ್‌ನಲ್ಲಿ ಇಟ್ಟರೆ 0.3. ಮೀಟರಿನ ಎರಡು ಮುಳ್ಳನ್ನು ಒಂದಕ್ಕೊಂದು ತಾಗಿಸಿದರೂ 0.3. ಕೇಬಲ್ ಸರಿ ಇದೆ ಅಂತ ಬಿಟ್ಟುಬಿಟ್ಟೆ. ಮೂರು ದಿನ ರಿಲೇ, ಫ್ಯೂಸ್, ಕೀ ಸ್ವಿಚ್ಚು ಅಂತ ಬೇರೆ ಕಡೆ ಹುಡುಕಿದೆ.

ದಾರಿ ತೋರಿಸಿದ್ದು ಬೇಲಿ. ಆ ವಾರ ಗಾಳಿಗೆ ಮರ ಬಿದ್ದು ಬೇಲಿ ಹರಿದಿತ್ತು. ರಿಪೇರಿಗೆ ಬಂದವನು ತಂತಿ ಕಟ್ಟುವ ಮೊದಲು ನೆಲಕ್ಕೆ ಹೊಡೆದ ಅರ್ತಿಂಗ್ ರಾಡಿನ ನಟ್ಟು ಬಿಚ್ಚಿ ತಿಕ್ಕುತ್ತಾ ಕೂತ. "ತಂತಿ ಎಷ್ಟು ಚೆನ್ನಾಗಿದ್ರೂ ವಾಪಸ್ ಬರೋ ದಾರಿ ಸರಿ ಇಲ್ಲಾಂದ್ರೆ ಆನೆಗೆ ಏನೂ ಆಗಲ್ಲಣ್ಣಾ. ತಂತಿ ನೋಡೋರೇ ಎಲ್ಲ, ರಾಡ್ ನೋಡೋರಿಲ್ಲ" ಅಂದ. ಕಾರಿನಲ್ಲಿ ಕರೆಂಟ್ ವಾಪಸ್ ಬರುವ ದಾರಿ ಅಂದರೆ ಆ ಮೈನಸ್ ಕೇಬಲ್. ನಾನು ಅಲ್ಲಿಂದ ನೇರ ಶೆಡ್ಡಿಗೆ ಬಂದೆ.

ಈ ಸಲ ಸೆಲ್ಫ್ ಎಳೆಯುತ್ತಿರುವಾಗಲೇ ಅಳತೆ ಮಾಡಬೇಕು ಅಂತ ತೀರ್ಮಾನಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಎಂಜಿನ್ ಸ್ಟಾರ್ಟ್ ಆಗಿಬಿಡಬಾರದು ಅಂತ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟೆ. ಮಗಳನ್ನು ಕರೆದು ಕೀ ಕೊಟ್ಟೆ. "ನಾನು ಹೂಂ ಅಂದಾಗ ತಿರುಗಿಸು, ಮೂರು ಎಣಿಸಿ ಬಿಡು" ಅಂದೆ. ತುಂಬಾ ಹೊತ್ತು ಎಳೆದರೆ ಸೆಲ್ಫ್ ಸುಡುತ್ತೆ, ಹಾಗಾಗಿ ಒಂದೊಂದು ಸಲಕ್ಕೂ ನಡುವೆ ಬಿಡುವು.

ಬ್ಯಾಟರಿಯ ಎರಡು ಕಂಬಗಳ ಮೇಲೆ, ಸೆಲ್ಫ್ ಎಳೆಯುವಾಗ: 11.4. ಬ್ಯಾಟರಿ ಗಟ್ಟಿ. 9.6ಕ್ಕಿಂತ ಕೆಳಗೆ ಇಳಿದರೆ ಮಾತ್ರ ಅನುಮಾನ ಪಡಬೇಕು.

ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ: 0.2. ಆ ದಾರಿಯಲ್ಲಿ ಕಳೆದುಹೋಗುವುದು ಅಷ್ಟೇ. ಸರಿ ಇದೆ.

ಆಮೇಲೆ ಕಪ್ಪು ಮುಳ್ಳನ್ನು ಮೈನಸ್ ಕಂಬಕ್ಕೆ ಒತ್ತಿದೆ. ಅದರ ಮೇಲಿನ ಕ್ಲಾಂಪಿಗಲ್ಲ, ಕಂಬಕ್ಕೇ. ಕೆಂಪು ಮುಳ್ಳನ್ನು ಎಂಜಿನ್ನಿನ ಒಂದು ಬೋಲ್ಟಿಗೆ ಒತ್ತಿ "ಹೂಂ" ಅಂದೆ. ಸೆಲ್ಫ್ ಮುದುಕನ ಹಾಗೆ ನರಳುತ್ತಾ ತಿರುಗಿತು. ಮೀಟರಿನಲ್ಲಿ 3.1.

ಅಲ್ಲಿ ಬರಬೇಕಾದ್ದು 0.2ರ ಆಸುಪಾಸು. 3.1 ಅಂದರೆ ವಾಪಸ್ ಬರುವ ದಾರಿಯಲ್ಲೇ ಮೂರು ವೋಲ್ಟ್ ಕಳೆದುಹೋಗುತ್ತಿದೆ. 11.4ರಲ್ಲಿ ಇದನ್ನೂ ಪ್ಲಸ್ ಕಡೆಯ 0.2ನ್ನೂ ಕಳೆದರೆ ಸೆಲ್ಫಿಗೆ ಸಿಗುವುದು 8.1. ಇನ್ನೊಂದು ಸ್ವಲ್ಪ ಕೆಟ್ಟರೆ 'ಟಕ್' ಅಂದು ನಿಲ್ಲುವುದೇ. ಸೆಲ್ಫ್ 80 ಆಂಪ್ ಎಳೆಯುತ್ತಿತ್ತು ಅಂತ ಇಟ್ಟುಕೊಂಡರೆ ಆ ಕೇಬಲ್ಲಿನ ತಡೆ 0.04 ಓಮ್‌ನಷ್ಟು. ನನ್ನ ಮೀಟರಿನ ಮುಳ್ಳುಗಳದ್ದೇ 0.3 ಇರುವಾಗ ಅದು ಕಾಣುವುದಾದರೂ ಹೇಗೆ? ಬೀಪ್ ಬರಲು ತಾಮ್ರದ ಒಂದು ಎಳೆ ಉಳಿದಿದ್ದರೂ ಸಾಕು. ಸೆಲ್ಫ್ ತಿರುಗಲು ಸಾಲದು.

ಖಾತ್ರಿ ಮಾಡಿಕೊಳ್ಳಲು ಜಂಪ್ ಸ್ಟಾರ್ಟಿನ ಕಪ್ಪು ಕೇಬಲ್ ಒಂದನ್ನೇ ತಂದೆ. ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಫ್ಯೂಸ್ ವಾಪಸ್ ಹಾಕಿ ಕೀ ತಿರುಗಿಸಿದೆ. ಅರ್ಧ ಸುತ್ತಿಗೇ ಸ್ಟಾರ್ಟ್. ಬಿಚ್ಚಿದೆ, 'ಟಕ್'. ಹಾಕಿದೆ, ಸ್ಟಾರ್ಟ್. ಮಗಳು ಆಟದ ಹಾಗೆ ನಾಲ್ಕು ಸಲ ಮಾಡಿಸಿದಳು.

ಆಗ ಹೊಳೆಯಿತು ಪಕ್ಕದ ತೋಟದ ಅಣ್ಣ ಹೇಗೆ ದಾರಿ ತಪ್ಪಿಸಿದರು ಅಂತ. ಅವರು ಎಲ್ಲ ಸರಿಯಾಗಿಯೇ ಮಾಡಿದ್ದರು. ಕೊನೆಯ ಕಪ್ಪು ಕ್ಲಿಪ್ಪನ್ನು ನನ್ನ ಬ್ಯಾಟರಿಗೆ ಹಾಕದೆ ಎಂಜಿನ್ನಿಗೆ ಹಾಕಿದ್ದರು. ಬ್ಯಾಟರಿ ಹತ್ತಿರ ಕಿಡಿ ಹಾರಿದರೆ ಅದರ ಗ್ಯಾಸ್ ಹತ್ತಿಕೊಳ್ಳಬಹುದು ಅಂತ ಹಾಗೇ ಮಾಡಬೇಕು. ಆದರೆ ಅದರಿಂದ ಕೆಟ್ಟ ಕೇಬಲ್ಲಿಗೆ ಒಳದಾರಿ ಸಿಕ್ಕಿತು. ಅವರ ಬ್ಯಾಟರಿಗೆ ಸ್ಟಾರ್ಟ್ ಆಗಿದ್ದು ನನ್ನ ಬ್ಯಾಟರಿ ಹೋಗಿದ್ದಕ್ಕಲ್ಲ, ಅವರ ಕಪ್ಪು ಕೇಬಲ್ ನನ್ನ ಕೆಟ್ಟ ಕೇಬಲ್ ಬಿಟ್ಟು ನೇರ ಎಂಜಿನ್ನಿಗೆ ಹೋಗಿದ್ದಕ್ಕೆ. ಹೊಸ ಬ್ಯಾಟರಿ ಹಾಕಿದಾಗ, ಸೆಲ್ಫ್ ಬಿಚ್ಚಿದಾಗ ಕೆಲವು ದಿನ ಸರಿ ಹೋಗಿದ್ದೂ ಅಷ್ಟೇ. ಎರಡು ಸಲವೂ ಆ ಕೇಬಲನ್ನು ಎಳೆದಾಡಿ ಅಲ್ಲಾಡಿಸಿದ್ದರು, ಒಳಗಿನ ಎಳೆಗಳು ಎಲ್ಲೋ ತಾಗಿಕೊಂಡವು.

ಬ್ಯಾಟರಿಯ ಮೈನಸ್ ಬಿಚ್ಚಿ ಕೇಬಲ್ ಹೊರಗೆ ತೆಗೆದೆ. ನೋಡಲು ಏನೂ ಆಗಿರಲಿಲ್ಲ. ಗೇರ್‌ಬಾಕ್ಸ್ ಕಡೆಯ ತುದಿಯನ್ನು ಬಗ್ಗಿಸಿದರೆ ಒಳಗೆ ಮರಳಿನ ಹಾಗೆ 'ಕರ್' ಅಂತಿತ್ತು. ಬ್ಲೇಡಿನಲ್ಲಿ ಕಪ್ಪು ಪ್ಲಾಸ್ಟಿಕ್ ಸೀಳಿದೆ. ತಾಮ್ರ ಅನ್ನುವುದು ಇರಲಿಲ್ಲ, ಪಾಚಿ ಬಣ್ಣದ ಪುಡಿ. ಅಂಗೈ ಮೇಲೆ ಉದುರಿತು. ನಡುವೆ ಏಳೆಂಟು ಎಳೆ ಮಾತ್ರ ಹೊಳೆಯುತ್ತಿದ್ದವು. ಲಗ್ಗಿನ, ಅಂದರೆ ಬೋಲ್ಟಿಗೆ ಕೂರುವ ತುದಿಯ ಲೋಹದ ಬಳೆಯ, ಬಾಯಿಂದ ನೀರು ಹೀರಿಕೊಂಡು ಕೊಳೆತಿದೆ. ನಮ್ಮ ಮಳೆಗೆ ಇದು ಸಹಜ. ಅದೇ ಶೆಡ್ಡಿನಲ್ಲಿ ಪೊಟ್ಯಾಷ್ ಗೊಬ್ಬರದ ಮೂಟೆ ಇಡುತ್ತಿದ್ದೆ. ಅದೂ ಒಂಥರಾ ಉಪ್ಪೇ. ಅದರ ಪಾಲೂ ಇರಬಹುದು ಅಂತ ನನ್ನ ಗುಮಾನಿ. ಈಗ ಮೂಟೆಗಳು ಬೇರೆ ಕಡೆ ಹೋಗಿವೆ.

ರಸ್ತೆ ತೆರೆದ ಮೇಲೆ ಇನ್ವರ್ಟರ್ ಅಂಗಡಿಯಲ್ಲಿ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಅರ್ಧ ಮೀಟರ್ ತಂದೆ. ಎರಡು ತುದಿಗೂ ಲಗ್ ಅಲ್ಲೇ ಪ್ರೆಸ್ ಮಾಡಿಸಿ, ಶ್ರಿಂಕ್ ಸ್ಲೀವ್ ಹಾಕಿಸಿದೆ. ಎಲ್ಲ ಸೇರಿ 350 ರೂಪಾಯಿ. ಗೇರ್‌ಬಾಕ್ಸಿನ ಮೇಲೆ ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಬೆಳ್ಳಗಾಗುವ ತನಕ ತಿಕ್ಕಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿದೆ. ಬ್ಯಾಟರಿಯ ಮೈನಸ್ಸನ್ನು ಕೊನೆಗೆ ಹಾಕಿದೆ. ಅಳತೆ ಮಾಡಿದೆ: 0.09. ಚಾರ್ಜಿಂಗ್ ನೋಡಿದರೆ 14.2. ಡೈನಮೋ ವೀಕ್ ಆಗಿರಲೇ ಇಲ್ಲ, ಅದರ ಕರೆಂಟೂ ಇದೇ ಕೊಳೆತ ಕೇಬಲ್ಲಿನಲ್ಲಿ ವಾಪಸ್ ಬರಬೇಕಿತ್ತು.

ಇನ್ನೊಂದು ಉಳಿದಿತ್ತು. ಏಪ್ರಿಲ್‌ನಲ್ಲಿ ಕ್ಲಚ್ ಕೇಬಲ್ ಬಿಗಿಯಾಗಿ, ಪೆಡಲ್ ಒತ್ತಲು ಆಗದೆ, ಹೊಸದು ಹಾಕಿಸಿದ್ದೆ. ಹಳೆಯದನ್ನು ಶೆಡ್ಡಿನ ಮೊಳೆಗೆ ನೇತು ಹಾಕಿದ್ದೆ. ಈಗ ಅದನ್ನು ಇಳಿಸಿ ಕತ್ತರಿಸಿ ನೋಡಿದೆ. ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಂಡಿತ್ತು. ದಪ್ಪ ಕೇಬಲ್ಲಿನಲ್ಲಿ ದಾರಿ ಸಿಗದ ಕರೆಂಟ್ ಎಂಜಿನ್ನಿಂದ ಬಾಡಿಗೆ ಹೋಗಲು ಕ್ಲಚ್ ಕೇಬಲನ್ನು ಹಿಡಿದಿತ್ತು, ಸ್ಟಾರ್ಟ್ ಮಾಡಿದಾಗಲೆಲ್ಲ ಅದನ್ನು ಕಾಯಿಸುತ್ತಿತ್ತು. ಅಂದರೆ ಕಾರು ನನಗೆ ಮಳೆಗೆ ಎರಡು ತಿಂಗಳು ಮೊದಲೇ ಹೇಳಿತ್ತು.

ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಪಕ್ಕದ ತೋಟದ ಅಣ್ಣನ ಮನೆಗೆ ಊಟಕ್ಕೆ ಹೋದಾಗ ಮೀಟರ್ ಜೇಬಿನಲ್ಲೇ ಇತ್ತು. ಜೀಪಿಗೂ ಇಟ್ಟು ನೋಡಿದೆ, 0.6. "ಅಣ್ಣಾ, ನಿಮ್ಮದೂ ಕೆಡ್ತಾ ಇದೆ, ಮುಂದಿನ ಮಳೆಗೆ ಮೊದಲು ಬದಲಿಸಿ" ಅಂದೆ.

ಅವರು ಕೀ ತಿರುಗಿಸಿದರು, ಜೀಪು ಒಂದೇ ಏಟಿಗೆ ಸ್ಟಾರ್ಟ್ ಆಯಿತು. "ಸ್ಟಾರ್ಟ್ ಆಗ್ತಿದೆ ಅಲ್ವಾ? ಬಾ, ಕಡುಬು ಆರಿ ಹೋಗುತ್ತೆ."